ಕೈಕಸಬಿನ ಉಪಾಧ್ಯಾಯರೆಲ್ಲಿ?

ಪಾಠಶಾಲೆಯ ಮಕ್ಕಳು ಪುಸ್ತಕವನ್ನು ಓದಿದರಷ್ಟೇ ಸಾಲದು, ಕೈಯಿಂದಲೂ ಏನಾದರೂ ಮಾಡಲು ಕಲಿಯಬೇಕು ಎಂಬ ವಿಷಯದಲ್ಲಿ ಈಗ ನಮ್ಮ ದೇಶದಲ್ಲಿ ಭಿನ್ನಾಭಿಪ್ರಾಯವೇ ಉಳಿದಂತೆ ಕಾಣುವುದಿಲ್ಲ. ೨೦೨೦ರಲ್ಲಿ ಕೇಂದ್ರ ಸರಕಾರದವರು ಹೊರಡಿಸಿದ ರಾಷ್ಟ್ರೀಯ ಶಿಕ್ಷಣ ನೀತಿಯು ಆರನೆಯ ತರಗತಿಯಿಂದಲೇ ಮಕ್ಕಳಿಗೆ ಕಸಬಿನ ಪರಿಚಯವಾಗತಕ್ಕದ್ದೆಂದು ವಿಧಿಸಿತು. ಆರರಿಂದ ಎಂಟರವರೆಗಿನ ತರಗತಿಗಳಲ್ಲಿ ಮಕ್ಕಳು ಹತ್ತು ದಿವಸ ಪುಸ್ತಕದ ಚೀಲವಿಲ್ಲದೆ ಬಂದು, ಬಡಗಿ, ಕುಂಬಾರ, ತೋಟಗಾರ, ಚಿತ್ರಕಾರ ಮೊದಲಾದ ಸ್ಥಳೀಯರ ಬಳಿಯಲ್ಲಿದ್ದು ಕಲಿಯಬೇಕೆಂದೂ ಅದು ಹೇಳಿತು. ೨೦೨೩ರ ಪಠ್ಯಕ್ರಮ ಚೌಕಟ್ಟು ಕಲೆಯನ್ನೂ ಕಸಬನ್ನೂ ಉಳಿದ ವಿಷಯಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿತು. ಮರುವರ್ಷ ಆರನೆಯ ತರಗತಿಗಾಗಿ ‘ಕೃತಿ’ ಎಂಬ ಕಲಾಪುಸ್ತಕವೂ ‘ಕೌಶಲ ಬೋಧ’ ಎಂಬ ಕಸಬಿನ ಪುಸ್ತಕವೂ ದಿಲ್ಲಿಯಿಂದ ಹೊರಬಿದ್ದುವು. ಕರ್ನಾಟಕ ಸರಕಾರದವರಾದರೋ ಕೇಂದ್ರದ ನೀತಿಯನ್ನು ಒಲ್ಲದೆ, ೨೦೨೩ರಲ್ಲಿ ಶ್ರೀ ಸುಖದೇವ ಥೋರಟರ ಅಧ್ಯಕ್ಷತೆಯಲ್ಲಿ ಬೇರೊಂದು ಆಯೋಗವನ್ನು ನೇಮಿಸಿದರು. ಅದರ ವರದಿಯು ೨೦೨೫ರ ಆಗಸ್ಟಿನಲ್ಲಿ ಅವರ ಕೈಸೇರಿತು. ಈ ಎರಡು ಪಕ್ಷಗಳ ವಾದವಿವಾದದಲ್ಲಿ ನಾವು ಇಂದು ಪ್ರವೇಶಿಸುವುದಿಲ್ಲ. ಯಾವ ನೀತಿಯೇ ಜಯಿಸಲಿ, ಮಧ್ಯಾಹ್ನದ ಬಿಸಿಯೂಟವಾದ ಬಳಿಕ ಎಂಟನೆಯ ತರಗತಿಯ ನಲವತ್ತು ಮಕ್ಕಳ ಮುಂದೆ ಉಳಿಯನ್ನೋ ಸೂಜಿಯನ್ನೋ ಕೈಯಲ್ಲಿ ಹಿಡಿದು ನಿಲ್ಲಬೇಕಾದವರು ಯಾರು, ಅವರನ್ನು ಎಲ್ಲಿ ಸಿದ್ಧಪಡಿಸುತ್ತೀರಿ ಎಂಬ ಒಂದೇ ಪ್ರಶ್ನೆಯನ್ನು ಎರಡೂ ಪಕ್ಷದವರ ಮುಂದಿಡಬಯಸುತ್ತೇವೆ.

ಈ ಪ್ರಶ್ನೆಗೆ ನಮ್ಮ ಶಾಸನವು ಕೊಟ್ಟಿರುವ ಉತ್ತರವನ್ನು ವಾಚಕರು ಗಮನಿಸಬೇಕು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಗೆ ಒಂದು ಅನುಸೂಚಿಯುಂಟು. ಆರರಿಂದ ಎಂಟರವರೆಗಿನ ತರಗತಿಗಳಲ್ಲಿ ಗಣಿತ ವಿಜ್ಞಾನಗಳಿಗೊಬ್ಬರು, ಸಮಾಜಶಾಸ್ತ್ರಕ್ಕೊಬ್ಬರು, ಭಾಷೆಗಳಿಗೊಬ್ಬರು ಉಪಾಧ್ಯಾಯರು ಇರಲೇಬೇಕೆಂದು ಅದರಲ್ಲಿದೆ. ಕಲೆಗೂ ಕೈಕೆಲಸಕ್ಕೂ ಬಂದಾಗ ಶಾಸನದ ಧ್ವನಿಯೇ ಬದಲಾಗುವುದು. ಮಕ್ಕಳ ಸಂಖ್ಯೆ ನೂರನ್ನು ಮೀರಿದರೆ ಮಾತ್ರ, ಅದೂ ‘ಅರೆಕಾಲಿಕ ಬೋಧಕರು’! ಭಾಷೆ, ಗಣಿತಗಳನ್ನು ಹೇಳಿಕೊಡುವವನು ಉಪಾಧ್ಯಾಯ. ಚಿತ್ರವನ್ನು, ಮರಗೆಲಸವನ್ನು ಹೇಳಿಕೊಡುವವನು ಬೋಧಕ, ಅವನೂ ಅರ್ಧ ಹೊತ್ತಿನವನು. ನೂರು ಮಕ್ಕಳಿಲ್ಲದ ಹಳ್ಳಿಯ ಶಾಲೆಗೆ ಆ ಅರ್ಧವೂ ಇಲ್ಲ. ನಮ್ಮ ನಾಡಿನಲ್ಲಿ ಅಂಥ ಚಿಕ್ಕ ಶಾಲೆಗಳೆಷ್ಟಿವೆಯೆಂಬುದನ್ನು ವಿದ್ಯಾ ಇಲಾಖೆಯವರಿಗೆ ನಾವು ತಿಳಿಸಿಕೊಡಬೇಕಾದುದಿಲ್ಲ.

ಇನ್ನು ಉಪಾಧ್ಯಾಯರ ಶಿಕ್ಷಣವನ್ನು ನೋಡೋಣ. ಉಪಾಧ್ಯಾಯರ ಶಿಕ್ಷಣಕ್ಕಾಗಿಯೇ ಇರುವ ರಾಷ್ಟ್ರೀಯ ಪರಿಷತ್ತಿನವರು ೨೦೧೪ರ ತಮ್ಮ ನಿಯಮಾವಳಿಯಲ್ಲಿ ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಕ್ಕೆ ಏರಿಸಿದರು. ಅದರೊಳಗೆ ನಾಟಕ ಮತ್ತು ಕಲೆ ಎಂಬ ಒಂದು ಸಣ್ಣ ಭಾಗವುಂಟು. ಅದರಿಂದ ಗಣಿತದ ಉಪಾಧ್ಯಾಯಿನಿಯು ತನ್ನ ಪಾಠವನ್ನು ಸ್ವಲ್ಪ ಸೊಗಸಾಗಿ ಮಾಡುವುದನ್ನು ಕಲಿಯಬಹುದು. ಕಲೆಯನ್ನು ಕಲಿಸುವುದನ್ನು ಕಲಿಯಲಾರಳು. ಚಿತ್ರಕಲೆಗೂ ಸಂಗೀತ ನೃತ್ಯಾದಿಗಳಿಗೂ ಪ್ರತ್ಯೇಕವಾಗಿ ಎರಡು ವರ್ಷದ ಡಿಪ್ಲೊಮಾ ಅದೇ ನಿಯಮಾವಳಿಯಲ್ಲಿದೆಯಾದರೂ ಅದನ್ನು ನಡೆಸುವ ವಿದ್ಯಾಲಯಗಳು ವಿರಳ. ಕಸಬಿಗೆ ಆ ಹದಿನೈದು ಬಗೆಯ ವ್ಯಾಸಂಗಗಳಲ್ಲಿ ಸ್ಥಳವೇ ದೊರೆತಿಲ್ಲ. ಹೀಗಿರುವಾಗ ವೇಳಾಪಟ್ಟಿಯಲ್ಲಿ ‘ಕಾರ್ಯಾನುಭವ’ ಎಂದು ಬರೆದಿರುವ ಗಂಟೆಯಲ್ಲಿ ಏನು ನಡೆಯುವುದೆಂಬುದು ಮಕ್ಕಳಿರುವ ಪ್ರತಿಯೊಂದು ಮನೆಗೂ ತಿಳಿದದ್ದೇ. ಹತ್ತನೆಯ ತರಗತಿಯಾದರೆ ಆ ಗಂಟೆಯು ಗಣಿತಕ್ಕೆ ಹೋಗುವುದು. ಉಳಿದ ತರಗತಿಗಳಲ್ಲಿ ಮಕ್ಕಳು ಅಂಗಡಿಯಿಂದ ತಂದ ಥರ್ಮಾಕೋಲಿನ ಹಲಗೆಗೆ ಅಂಗಡಿಯಿಂದಲೇ ತಂದ ಬಣ್ಣದ ಕಾಗದವನ್ನು ಅಂಟಿಸುವರು. ಅದನ್ನೂ ಬಹುಮಟ್ಟಿಗೆ ತಂದೆತಾಯಿಗಳೇ ರಾತ್ರಿ ಕುಳಿತು ಮಾಡಿಕೊಡುವರು. ಇದಕ್ಕಾಗಿ ನಾವು ಉಪಾಧ್ಯಾಯರನ್ನು ದೂಷಿಸುವುದಿಲ್ಲ. ತಮಗೆ ಯಾರೂ ಕಲಿಸದೆ ಇರುವುದನ್ನು ಅವರು ಹೇಗೆ ಕಲಿಸಿಯಾರು?

ಚಿಕ್ಕ ಮಕ್ಕಳ ವಿಷಯದಲ್ಲಿ ಈ ಕೊರತೆಯು ಅಷ್ಟಾಗಿ ಬಾಧಿಸದು. ಆರೇಳು ವರ್ಷದ ಮಗುವಿಗೆ ಮಣ್ಣು, ಬಣ್ಣ, ಕಾಗದಗಳನ್ನು ಕೊಟ್ಟು, ಗದರಿಸದೆ ಅಕ್ಕರೆಯಿಂದ ನೋಡಿಕೊಳ್ಳುವ ಉಪಾಧ್ಯಾಯಿನಿಯಿದ್ದರೆ ಸಾಕು; ಉಳಿದುದನ್ನು ಮಗುವೇ ಮಾಡಿಕೊಳ್ಳುತ್ತದೆ. ಹನ್ನೆರಡು ಹದಿಮೂರು ವಯಸ್ಸಿನಲ್ಲಿ ಸ್ಥಿತಿಯು ಬೇರೆ. ನಿನ್ನೆಯವರೆಗೆ ಧಾರಾಳವಾಗಿ ಗೀಚುತ್ತಿದ್ದ ಹುಡುಗನು ಈಗ ತನ್ನ ಚಿತ್ರವನ್ನು ಕಣ್ಣಿಗೆ ಕಾಣುವ ವಸ್ತುವಿನೊಡನೆ ಹೋಲಿಸಿ ನೋಡಲಾರಂಭಿಸುತ್ತಾನೆ. ಮೇಜಿನ ಕಾಲು ಏಕೆ ಸೊಟ್ಟಗಾಯಿತು, ಮುಖದ ಕಣ್ಣು ಏಕೆ ಮೇಲೆ ಹೋಯಿತು ಎಂದು ಅವನಿಗೇ ತೋರುತ್ತದೆ. ಸರಿಪಡಿಸುವ ಬಗೆ ಮಾತ್ರ ತಿಳಿಯದು. ಆಗ ಪಕ್ಕದಲ್ಲಿ ಬಲ್ಲವರೊಬ್ಬರಿದ್ದು ತೋರಿಸಿಕೊಟ್ಟರೆ ಮುಂದುವರಿಯುತ್ತಾನೆ. ಇಲ್ಲದಿದ್ದರೆ ‘ನನಗೆ ಚಿತ್ರ ಬರುವುದಿಲ್ಲ’ ಎಂದು ಕುಂಚವನ್ನು ಕೆಳಗಿಡುತ್ತಾನೆ, ಮತ್ತೆ ಜೀವಮಾನದಲ್ಲಿ ಎತ್ತುವುದಿಲ್ಲ. ನಮ್ಮ ವಾಚಕರಲ್ಲಿ ಎಷ್ಟು ಮಂದಿ ಆ ವಯಸ್ಸಿನಲ್ಲಿಯೇ ಕುಂಚವನ್ನು ಕೆಳಗಿಟ್ಟವರೆಂಬುದನ್ನು ಅವರವರೇ ನೆನೆದುಕೊಳ್ಳಬಹುದು. ಮರಗೆಲಸದಲ್ಲಿಯೂ ಹೊಲಿಗೆಯಲ್ಲಿಯೂ ಇದೇ ಕಥೆ. ದೊಡ್ಡ ಮಕ್ಕಳಿಗೆ ಕಲಿಸುವವನಿಗೆ ಅಕ್ಕರೆಯೊಂದೇ ಸಾಲದು, ಕೈಯಲ್ಲಿ ವಿದ್ಯೆಯಿರಬೇಕು.

ವಿದ್ಯೆಯೆಂದರೆ ಎಷ್ಟರಮಟ್ಟಿಗೆ? ಒಂದು ಉದಾಹರಣೆಯನ್ನು ಕೊಡುತ್ತೇವೆ. ಧಾರವಾಡದ ಕಡೆಯ ಕಸೂತಿಯನ್ನು ನಮ್ಮ ವಾಚಕರು ಇಳಕಲ್ಲ ಸೀರೆಯ ಮೇಲಾಗಲಿ ಖಣದ ಮೇಲಾಗಲಿ ನೋಡಿಯೇ ಇರುವರು. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳನ್ನು ಬಟ್ಟೆಯ ಮೇಲೆ ಮೊದಲು ಬರೆದುಕೊಳ್ಳದೆ, ಹಾಸುಹೊಕ್ಕಿನ ಎಳೆಗಳನ್ನು ಕಣ್ಣಿನಿಂದಲೇ ಎಣಿಸುತ್ತ ತೆಗೆಯುವ ಕಲೆಯಿದು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಇದರಲ್ಲಿ ನಾಲ್ಕು ಹೊಲಿಗೆಗಳು. ಗವಂತಿಯಲ್ಲಿ ಸೂಜಿಯು ಒಂದು ಸಲ ನಡುನಡುವೆ ತೆರಪು ಬಿಡುತ್ತ ಮುಂದೆ ಹೋಗುತ್ತದೆ. ಹಿಂದಿರುಗಿ ಬರುವಾಗ ಆ ತೆರಪುಗಳನ್ನೆಲ್ಲ ತುಂಬುತ್ತ ಬರುತ್ತದೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಒಳಮೈಯೂ ಹೊರಮೈಯಂತೆಯೇ ಕಾಣಬೇಕು. ಹೀಗಾಗಬೇಕಾದರೆ ಕೊಂಬೆಗೆ ಕೊಂಬೆ ಒಡೆಯುವ ಆಕೃತಿಯಲ್ಲಿ ಯಾವ ದಾರಿಯಿಂದ ಹೊರಟು ಯಾವ ದಾರಿಯಿಂದ ಮರಳಬೇಕೆಂಬುದನ್ನು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಎರಡು ಪಕ್ಕಗಳು ಕೂಡುವುದಿಲ್ಲ. ಇದು ಅಪ್ಪಟ ಗಣಿತವಲ್ಲದೆ ಮತ್ತೇನು? ಶಾಲೆಯ ಪುಸ್ತಕದಲ್ಲಿ ಸಮ್ಮಿತಿಯೆಂಬ ಪಾಠವನ್ನು ಓದುವ ಬಾಲಿಕೆಯ ಅಜ್ಜಿಯು ಮನೆಯಲ್ಲಿ ಅದನ್ನೇ ಅಕ್ಷರಜ್ಞಾನವಿಲ್ಲದೆ ಮಾಡುತ್ತಿರುತ್ತಾಳೆ. ಎರಡಕ್ಕೂ ಇರುವ ಸಂಬಂಧವನ್ನು ಯಾರೂ ಹೇಳುವುದಿಲ್ಲ. ಹೇಳಬೇಕಾದರೆ ಉಪಾಧ್ಯಾಯನಿಗೆ ಗಣಿತವೂ ತಿಳಿದಿರಬೇಕು, ಗವಂತಿಯ ಎಳೆಯನ್ನು ತಾನೇ ಹಾಕಿ, ತಪ್ಪಿ, ಬಿಚ್ಚಿ, ಮತ್ತೆ ಹಾಕಿದ ಅನುಭವವೂ ಇರಬೇಕು. ಪುಸ್ತಕದ ಚಿತ್ರವನ್ನು ನೋಡಿ ಕಸೂತಿಯನ್ನು ವರ್ಣಿಸಬಹುದೇ ಹೊರತು, ಒಬ್ಬ ಹುಡುಗಿಯ ಎಳೆ ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ.

ಬೀದರಿನ ಕೆಲಸವೂ ಹೀಗೆಯೇ. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿಯನ್ನು ಕೂರಿಸಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರವನ್ನು ಕೂಡಿಸಿ ತಿಕ್ಕಿದರೆ ಪಾತ್ರೆಯ ಮೈಯೆಲ್ಲ ಕಪ್ಪಾಗಿ ಬೆಳ್ಳಿಯು ಮಾತ್ರ ಬೆಳ್ಳಗೆ ಉಳಿಯುವುದು. ಏಕೆ ಉಳಿಯಿತೆಂಬುದು ರಸಾಯನಶಾಸ್ತ್ರದ ಪ್ರಶ್ನೆ. ಚನ್ನಪಟ್ಟಣದಲ್ಲಿ ಆಲೆಮರದ ತುಂಡು ಗಿರ್ರನೆ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿಹಿಡಿಯುವರು. ಘರ್ಷಣೆಯ ಶಾಖದಿಂದ ಅರಗು ಕರಗಿ ಬೊಂಬೆಯ ಮೈಗೆ ಹತ್ತುವುದು. ಭೌತಶಾಸ್ತ್ರದ ಉಪಾಧ್ಯಾಯರು ಘರ್ಷಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಎಲ್ಲಿಂದ ತಂದಾರು?

ಕಸಬುದಾರರು ಊರಿನಲ್ಲಿಯೇ ಇರುವಾಗ ಅವರನ್ನೇ ಶಾಲೆಗೆ ಕರೆದರಾಗದೆ, ಉಪಾಧ್ಯಾಯರಿಗೆ ಬೇರೆ ಶಿಕ್ಷಣವೇತಕ್ಕೆ ಎಂದು ಕೆಲವರು ಕೇಳುವರು. ೨೦೨೦ರ ನೀತಿಯೂ ಸ್ಥಳೀಯ ಕುಶಲಿಗಳಿಗೆ ಅಲ್ಪಾವಧಿಯ ಶಿಕ್ಷಣವನ್ನು ಕೊಟ್ಟು ಶಾಲೆಗಳಲ್ಲಿ ಬೋಧಕರನ್ನಾಗಿ ನೇಮಿಸಿಕೊಳ್ಳಬಹುದೆಂದು ಸೂಚಿಸಿದೆ. ಪ್ರಶ್ನೆಯು ಹೊಸದಲ್ಲ. ಫಿನ್ಲೆಂಡಿನಲ್ಲಿ ಉನೋ ಸಿಗ್ನೇಯಸ್ ಎಂಬ ಮಹಾಶಯನ ಪ್ರಯತ್ನದಿಂದ ೧೮೬೬ರಲ್ಲಿ ಜನಪಾಠಶಾಲೆಗಳ ಪಾಠಗಳೊಳಗೆ ಕೈಕಸಬು ಸೇರಿತು. ನೆರೆಯ ಸ್ವೀಡನ್ನಿನಲ್ಲಿ ಆಟೋ ಸಾಲೊಮನ್ ಎಂಬಾತನು ೧೮೭೦ರ ದಶಕದಲ್ಲಿ ನೇಸ್ ಎಂಬ ಸ್ಥಳದಲ್ಲಿ ಕೈಕೆಲಸದ ಉಪಾಧ್ಯಾಯರಿಗಾಗಿಯೇ ವಿದ್ಯಾಲಯವನ್ನು ತೆರೆದನು. ಹಲವು ದೇಶಗಳ ಉಪಾಧ್ಯಾಯರು ಅಲ್ಲಿಗೆ ಹೋಗಿ ಕಲಿತುಬಂದರು. ಕಲಿಸತಕ್ಕವನು ಬಡಗಿಯಾಗಿರಬೇಕೋ ಉಪಾಧ್ಯಾಯನಾಗಿರಬೇಕೋ ಎಂಬ ವಾದ ಅಲ್ಲಿಯೂ ಎದ್ದಿತು. ಉಪಾಧ್ಯಾಯನೇ ಆಗಿರಬೇಕೆಂದು ಸಾಲೊಮನ್ನನ ಖಂಡಿತವಾದ ಅಭಿಪ್ರಾಯ. ಬಡಗಿಯ ಲಕ್ಷ್ಯವು ಪೀಠೋಪಕರಣದ ಮೇಲೆ, ಉಪಾಧ್ಯಾಯನ ಲಕ್ಷ್ಯವು ಮಗುವಿನ ಮೇಲೆ ಎಂಬುದು ಅವನ ವಾದದ ಸಾರ. ಫಿನ್ಲೆಂಡಿನಲ್ಲಿ ಇಂದಿಗೂ ಒಂದರಿಂದ ಏಳರವರೆಗಿನ ತರಗತಿಗಳಲ್ಲಿ ಗಂಡು ಹೆಣ್ಣು ಭೇದವಿಲ್ಲದೆ ಕೈಕಸಬು ಎಲ್ಲರಿಗೂ ಇದೆ. ಅದನ್ನು ಕಲಿಸುವ ವಿಷಯೋಪಾಧ್ಯಾಯರು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯ ಮಟ್ಟದವರೆಗೆ ಓದಿದವರು.

ಸಾಲೊಮನ್ನನ ಮಾತನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ಅವನ ದೇಶದಲ್ಲಿ ಮರವನ್ನು ಕೆತ್ತುವುದಕ್ಕೆ ಯಾವ ರೈತನೂ ನಾಚಿಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಕಸಬು ಜಾತಿಯ ಕಟ್ಟಿಗೆ ಬಿದ್ದಿದೆ, ವಿದ್ಯೆಯು ಕಸಬಿನಿಂದ ದೂರ ನಿಂತಿದೆ. ಕಸಬನ್ನು ಬಲ್ಲವನಿಗೆ ಪದವಿಯಿಲ್ಲ, ಪದವಿಯುಳ್ಳವನಿಗೆ ಕಸಬು ತಿಳಿಯದು. ಈ ಇಬ್ಬರೂ ಒಂದೇ ಊರಿನಲ್ಲಿದ್ದು ಒಬ್ಬರ ಮುಖವನ್ನೊಬ್ಬರು ನೋಡದೆ ಬಾಳುತ್ತಿರುವರು. ಬಡಗಿಯನ್ನು ಹೊರಗಿಟ್ಟು ಬರಿಯ ಪದವೀಧರನಿಗೆ ಆರು ವಾರಗಳಲ್ಲಿ ಉಳಿ ಹಿಡಿಯುವುದನ್ನು ಕಲಿಸಿದರೆ ಎರಡೂ ಕೆಡುವುವು. ಹಾಗೆಂದು ಬಡಗಿಯನ್ನು ದಿನಗೂಲಿಯ ಮೇಲೆ ಕರೆತಂದು, ಮುಖ್ಯೋಪಾಧ್ಯಾಯರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂಡಿಸಿ, ಹತ್ತು ದಿನವಾದ ಬಳಿಕ ಕಳುಹಿಸಿಬಿಟ್ಟರೆ, ಕಸಬಿಗೆ ಶಾಲೆಯಲ್ಲಿ ಯಾವ ಬೆಲೆಯಿದೆಯೆಂಬುದನ್ನು ಮಕ್ಕಳು ಬಹು ಬೇಗ ಅರಿತುಕೊಳ್ಳುವರು.

ಈ ದಾರಿಯಲ್ಲಿ ನಮ್ಮ ದೇಶವು ಎರಡು ಸಲ ಹೊರಟು ಎರಡು ಸಲವೂ ನಡುದಾರಿಯಲ್ಲಿ ನಿಂತಿತು. ಮೊದಲನೆಯದು ಮಹಾತ್ಮಾ ಗಾಂಧಿಯವರ ಮೂಲಶಿಕ್ಷಣ. ನಮ್ಮ ಕಡೆಯ ಹಳಬರು ಮೂಲೋದ್ಯೋಗ ಶಿಕ್ಷಣವೆಂದು ಕರೆಯುತ್ತಿದ್ದುದು. ೧೯೩೭ರ ಅಕ್ಟೋಬರ್ ೨೨, ೨೩ರಂದು ವರ್ಧೆಯಲ್ಲಿ ನೆರೆದ ಸಮ್ಮೇಳನವು ಡಾಕ್ಟರ್ ಝಾಕಿರ್ ಹುಸೇನರ ಸಮಿತಿಯನ್ನು ನೇಮಿಸಿತು. ಆ ಸಮಿತಿಯು ಐದೂವರೆ ಗಂಟೆಯ ಶಾಲಾದಿನದಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷಗಳನ್ನು ಕಸಬಿಗೆ ಕೊಟ್ಟಿತೆಂಬುದನ್ನು ಎಲ್ಲರೂ ನೆನೆಯುವರು. ಉಪಾಧ್ಯಾಯರ ಪೂರ್ಣ ಶಿಕ್ಷಣಕ್ಕೆ ಅದು ಮೂರು ವರ್ಷಗಳನ್ನು ಕೇಳಿತ್ತೆಂಬುದನ್ನು ನೆನೆಯುವವರು ಕಡಿಮೆ. ತುರ್ತಿನ ಕೆಲಸಕ್ಕೆಂದು ಒಂದು ವರ್ಷದ ಕ್ರಮವನ್ನೂ ಅದರ ಪಕ್ಕದಲ್ಲಿಟ್ಟಿತ್ತು. ಅವಸರಪಟ್ಟ ಪ್ರಾಂತಗಳು ತುರ್ತಿನದನ್ನೇ ಹಿಡಿದುವು. ಕೆಲವೆಡೆ ಅದನ್ನೂ ತಿಂಗಳುಗಳಿಗೆ ಇಳಿಸಿದುವು. ೧೯೩೯ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತುವು. ಸ್ವಾತಂತ್ರ್ಯಾನಂತರ ಪುನಃ ಆರಂಭವಾದಾಗಲೂ ಶಾಲೆಯ ಹಲಗೆಯ ಮೇಲಿನ ಹೆಸರು ಬದಲಾದಷ್ಟು ವೇಗದಲ್ಲಿ ಒಳಗಿದ್ದ ಉಪಾಧ್ಯಾಯನ ಕೈ ಬದಲಾಗಲಿಲ್ಲ. ತಕಲಿಯನ್ನು ತಿರುಗಿಸುವುದೇ ಕಸಬೆಂದಾಯಿತು. ಮೂಲಶಿಕ್ಷಣದ ಹೆಸರಿನಲ್ಲಿ ನಡೆಯುತ್ತಿದ್ದುದನ್ನು ಮುಂದೆ ಝಾಕಿರ್ ಹುಸೇನರೇ ಕಟುವಾದ ಮಾತುಗಳಿಂದ ಖಂಡಿಸಬೇಕಾಗಿ ಬಂತು.

ಆ ಪ್ರಯತ್ನದಲ್ಲಿಯೂ ಸರಿಯಾಗಿ ನಡೆದ ಸ್ಥಳವೊಂದಿತ್ತು, ಅದನ್ನು ಹೇಳದಿರುವುದು ನ್ಯಾಯವಲ್ಲ. ಸೇವಾಗ್ರಾಮದಲ್ಲಿ ಆರ್ಯನಾಯಕಂ ಮತ್ತು ಆಶಾದೇವಿ ದಂಪತಿಗಳು ನಡೆಸುತ್ತಿದ್ದ ಹಿಂದೂಸ್ತಾನೀ ತಾಲೀಮೀ ಸಂಘಕ್ಕೆ ೧೯೪೪ರಲ್ಲಿ ದೇವಿಪ್ರಸಾದರೆಂಬ ತರುಣ ಕಲಾವಿದರು ಬಂದರು. ಶಾಂತಿನಿಕೇತನದ ಕಲಾಭವನದಲ್ಲಿ ಕಲಿತವರು, ನುರಿತ ಕುಂಬಾರರು. ಅವರು ೧೯೬೨ರವರೆಗೆ ಅಲ್ಲಿದ್ದು ಮಕ್ಕಳಿಗೂ ಉಪಾಧ್ಯಾಯರಿಗೂ ಕಲೆಯನ್ನು ಕಲಿಸಿದರು, ಆ ಅನುಭವವನ್ನು ಗ್ರಂಥರೂಪದಲ್ಲಿಯೂ ಇಟ್ಟರು. ಕಲೆಯನ್ನು ಬಲ್ಲ ಕೈ, ಮಗುವನ್ನು ಬಲ್ಲ ಮನಸ್ಸು, ಒಂದೇ ಸ್ಥಳದಲ್ಲಿ ಹದಿನೆಂಟು ವರ್ಷಗಳ ನಿಲುಗಡೆ, ಇವು ಮೂರೂ ಕೂಡಿದಲ್ಲಿ ಕೆಲಸವು ನಡೆಯಿತು.

ಎರಡನೆಯ ಪ್ರಯತ್ನವು ನಮ್ಮ ಮೈಸೂರಿಗೇ ಸಂಬಂಧಪಟ್ಟದ್ದು. ಆದುದರಿಂದ ಸ್ವಲ್ಪ ವಿವರಿಸುತ್ತೇವೆ. ೧೯೫೨-೫೩ರಲ್ಲಿ ಡಾಕ್ಟರ್ ಲಕ್ಷ್ಮಣಸ್ವಾಮಿ ಮೊದಲಿಯಾರರ ಆಯೋಗವು ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಕಸಬನ್ನು ಕಲಿಯಬೇಕೆಂದೂ ತಾಂತ್ರಿಕ, ಕೃಷಿ, ವಾಣಿಜ್ಯ, ಲಲಿತಕಲೆ, ಗೃಹವಿಜ್ಞಾನಗಳನ್ನೊಳಗೊಂಡ ಬಹೂದ್ದೇಶ ಪ್ರೌಢಶಾಲೆಗಳು ಏಳಬೇಕೆಂದೂ ಸೂಚಿಸಿತು. ಶಾಲೆಗಳು ಎದ್ದುವು, ಕೆಲವಕ್ಕೆ ಯಂತ್ರಗಳೂ ಬಂದುವು, ಕಲಿಸುವವರು ಬರಲಿಲ್ಲ. ಆಗ ಸರಕಾರದವರಿಗೆ ಎಚ್ಚರವಾಗಿ, ಈ ಪ್ರಾಯೋಗಿಕ ವಿಷಯಗಳ ಉಪಾಧ್ಯಾಯರನ್ನು ಸಿದ್ಧಗೊಳಿಸುವುದಕ್ಕೆಂದೇ ೧೯೬೩ರ ಸುಮಾರಿಗೆ ಅಜಮೀರ, ಭೋಪಾಲ, ಭುವನೇಶ್ವರ, ಮೈಸೂರು ಈ ನಾಲ್ಕು ಊರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ತೆರೆದರು. ವಿಷಯವನ್ನೂ ಬೋಧನೆಯನ್ನೂ ಬೇರೆಬೇರೆ ಮಾಡದೆ ನಾಲ್ಕು ವರ್ಷ ಒಟ್ಟಿಗೆ ಕಲಿಸುವ ಕ್ರಮವು ಅಲ್ಲಿ ಆರಂಭವಾಯಿತು. ಜೊತೆಗೆ ಕಾರ್ಯಾಗಾರ, ಕಲಿತುದನ್ನು ಮಕ್ಕಳ ಮುಂದೆ ಪರೀಕ್ಷಿಸಿ ನೋಡುವುದಕ್ಕೆ ಬಾಗಿಲಲ್ಲಿಯೇ ಪ್ರಾತ್ಯಕ್ಷಿಕ ಶಾಲೆ. ಮಾನಸಗಂಗೋತ್ರಿಯ ಬಳಿಯ ಆ ಡೆಮಾನ್‌ಸ್ಟ್ರೇಷನ್ ಶಾಲೆಯ ಹೆಸರಿನಲ್ಲಿ ‘ಬಹೂದ್ದೇಶ’ ಎಂಬ ಮಾತು ಇಂದಿಗೂ ಉಳಿದುಕೊಂಡಿದೆ. ಯೋಚನೆಯು ಎಷ್ಟು ಸಮರ್ಪಕವಾಗಿತ್ತೆಂದರೆ, ಇಂದು ಅದನ್ನೇ ಹೊಸದೆಂಬಂತೆ ನಾಲ್ಕು ವರ್ಷದ ಸಂಯುಕ್ತ ಉಪಾಧ್ಯಾಯ ಶಿಕ್ಷಣವೆಂದು ದೇಶಾದ್ಯಂತ ತರುತ್ತಿರುವರು.

ಹಾಗಾದರೆ ಅದು ಏಕೆ ನಿಂತಿತು? ಕಾಲೇಜು ನಿಲ್ಲಲಿಲ್ಲ, ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂಬ ಹೆಸರಿನಿಂದ ವಿಜ್ಞಾನಾದಿ ವಿಷಯಗಳ ಉಪಾಧ್ಯಾಯರನ್ನು ತಯಾರಿಸುತ್ತ ಒಳ್ಳೆಯ ಕೀರ್ತಿಯನ್ನು ಪಡೆದಿದೆ. ನಿಂತುಹೋದದ್ದು ಅದು ಯಾವ ಉದ್ದೇಶದಿಂದ ಹುಟ್ಟಿತೋ ಆ ಕಸಬಿನ ಭಾಗ. ೧೯೬೪-೬೬ರ ಕೊಠಾರಿ ಆಯೋಗವು ಮೊದಲ ಹತ್ತು ವರ್ಷ ಎಲ್ಲರಿಗೂ ಒಂದೇ ಪಠ್ಯಕ್ರಮವಿರಲೆಂದು ಹೇಳಿ, ಕಸಬಿನ ಬದಲು ‘ಕಾರ್ಯಾನುಭವ’ವನ್ನು ಸೂಚಿಸಿತು. ಒಂದೇ ಪಠ್ಯಕ್ರಮವೆಂಬ ತತ್ತ್ವವನ್ನು ನಾವು ಆಕ್ಷೇಪಿಸುವುದಿಲ್ಲ. ಬಹೂದ್ದೇಶ ಶಾಲೆಗಳು ಕರಗಿದಾಗ ಅವುಗಳಿಗೆಂದು ಸಿದ್ಧವಾದ ಉಪಾಧ್ಯಾಯನಿಗೆ ಕುಳಿತುಕೊಳ್ಳಲು ಹುದ್ದೆಯಿಲ್ಲವಾಯಿತೆಂಬುದಷ್ಟೇ ನಮ್ಮ ದೂರು. ಯಂತ್ರವಿದ್ಯೆಯನ್ನು ಬಲ್ಲವನಿಗೆ ಕಾರ್ಖಾನೆಯು ಶಾಲೆಗಿಂತ ಹೆಚ್ಚಿನ ಸಂಬಳವನ್ನು ಕೊಡುವುದೂ ಆಶ್ಚರ್ಯವಲ್ಲ. ಅನಂತರ ೧೯೭೭ರಲ್ಲಿ ಈಶ್ವರಭಾಯಿ ಪಟೇಲರ ಸಮಿತಿಯು ಕಾರ್ಯಾನುಭವವನ್ನು ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂದು ಮರುನಾಮಕರಣ ಮಾಡಿತು. ಪದವಿಪೂರ್ವ ತರಗತಿಗಳಲ್ಲಿ ಜೆ.ಓ.ಸಿ. ಎಂದು ಕರೆಯಿಸಿಕೊಂಡ ಕಸಬಿನ ತರಗತಿಗಳು ಬಹುಮಟ್ಟಿಗೆ ಅರೆಕಾಲಿಕರ ಹೆಗಲ ಮೇಲೆಯೇ ನಡೆದು ಕೊನೆಗೆ ಮುಚ್ಚಿಹೋದುವು. ಹೆಸರಿಡುವ ಶಾಸ್ತ್ರಕ್ಕೆ ನಮ್ಮಲ್ಲಿ ಎಂದೂ ಪುರೋಹಿತರ ಕೊರತೆಯಾಗಿಲ್ಲ.

ಚಿತ್ರಕಲೆಯ ಮಟ್ಟಿಗೆ ಕನ್ನಡನಾಡು ಬದುಕಿಕೊಂಡದ್ದು ಖಾಸಗಿ ಜನರಿಂದ. ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು ೧೯೧೯ರಲ್ಲಿ ಸ್ಥಾಪಿಸಿದ ಕಲಾಮಂದಿರ, ಧಾರವಾಡದಲ್ಲಿ ಹಾಲಭಾವಿಯವರ ಕಲಾಶಾಲೆ, ಹುಬ್ಬಳ್ಳಿಯಲ್ಲಿ ಮಿಣಜಿಗಿಯವರ ಶಾಲೆ, ಇಂಥವುಗಳಲ್ಲಿ ಕಲಿತವರು ಊರೂರಿನ ಪ್ರೌಢಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ತರರಾಗಿ, ಲೋಯರ್ ಹೈಯರ್ ಪರೀಕ್ಷೆಗಳಿಗೆ ಮಕ್ಕಳನ್ನು ಕೂರಿಸಿ, ನಾಡಿನ ಕಣ್ಣನ್ನು ತಿದ್ದಿದರು. ಅಂಥವರು ನಿವೃತ್ತರಾದಾಗ ಆ ಸ್ಥಾನಕ್ಕೆ ಇನ್ನೊಬ್ಬರು ಬರುವುದು ಖಂಡಿತವಿಲ್ಲವೆಂಬುದು ನಮ್ಮ ವಾಚಕರ ಸಾಮಾನ್ಯ ಅನುಭವ.

ಕೈಕಸಬಿನ ಶಿಕ್ಷಣಕ್ಕೆ ಎರಡು ಆಕ್ಷೇಪಗಳುಂಟು. ಒಂದನ್ನು ವರ್ಧೆಯಲ್ಲಿಯೇ ಪ್ರೊಫೆಸರ್ ಕೆ. ಟಿ. ಷಾ ಅವರು ಎತ್ತಿದ್ದರು: ಮಕ್ಕಳು ತಯಾರಿಸಿದುದನ್ನು ಮಾರಿ ಶಾಲೆಯ ಖರ್ಚನ್ನು ತೂಗಿಸಹೊರಟರೆ ಬಡ ಕಸಬುದಾರನ ಹೊಟ್ಟೆಯ ಮೇಲೆ ಹೊಡೆದಂತಾಗದೆ ಎಂದು. ಇಂದು ಯಾರೂ ಶಾಲೆಯಿಂದ ಆದಾಯವನ್ನು ಬಯಸುತ್ತಿಲ್ಲವಾದುದರಿಂದ ಅದನ್ನು ಬಿಟ್ಟುಬಿಡಬಹುದು. ಇನ್ನೊಂದು ಆಕ್ಷೇಪವು ಗಂಭೀರವಾದುದು. ೧೯೫೩ರಲ್ಲಿ ಮದರಾಸಿನ ಮುಖ್ಯಮಂತ್ರಿಗಳಾಗಿದ್ದ ರಾಜಾಜಿಯವರು ಮಕ್ಕಳು ಅರ್ಧ ಹೊತ್ತು ಶಾಲೆಯಲ್ಲಿ ಓದಿ ಉಳಿದ ಹೊತ್ತನ್ನು ತಂದೆತಾಯಿಗಳ ಕಸಬಿನಲ್ಲಿ ಕಳೆಯಲೆಂಬ ಯೋಜನೆಯನ್ನು ತಂದರು. ಕುಂಬಾರನ ಮಗನು ಕುಂಬಾರನಾಗಿಯೇ ಉಳಿ ಎಂದಂತಾಯಿತೆಂದು ಪ್ರಚಂಡವಾದ ವಿರೋಧವೆದ್ದು, ಮುಂದಿನ ವರ್ಷ ಅದು ರದ್ದಾಯಿತು. ವಿರೋಧಿಸಿದವರ ಭಯವು ಸಕಾರಣವಾಗಿತ್ತೆಂದೇ ನಮ್ಮ ಅಭಿಪ್ರಾಯ. ಶಾಲೆಯು ತಾನು ಕಲಿಸಲಾರದುದನ್ನು ಮನೆಗೆ ಅಟ್ಟಿದರೆ ಮಗುವು ತನ್ನ ಜಾತಿಯ ಬಾಗಿಲಿಗೇ ಹೋಗಿ ನಿಲ್ಲುವುದು. ಕುಂಬಾರನ ಮಗಳು ಕಸೂತಿಯನ್ನೂ ವಕೀಲರ ಮಗನು ಚಕ್ರವನ್ನೂ ಕಲಿಯುವಂತಾಗಬೇಕಾದರೆ ಎಲ್ಲರೂ ಒಂದೇ ಸೂರಿನ ಕೆಳಗೆ ಕುಳಿತು ಕಲಿಯುವ ಶಾಲೆಯಲ್ಲಿಯೇ, ಸರಿಯಾಗಿ ಶಿಕ್ಷಿತನಾದ ಉಪಾಧ್ಯಾಯನಿಂದಲೇ ಅದು ಆಗತಕ್ಕದ್ದು. ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಮರಗೆಲಸ ಎಂಬ ಹಳೆಯ ಗೋಡೆಯೂ ಹಾಗೆಯೇ ಬೀಳಬೇಕು.

ನಾವು ಸೂಚಿಸುವುದೇನೆಂದರೆ, ಮೊಟ್ಟಮೊದಲು ಕಾಯಿದೆಯ ಅನುಸೂಚಿಯಿಂದ ‘ಅರೆಕಾಲಿಕ’ ಎಂಬ ಶಬ್ದವನ್ನು ತೆಗೆಯಲು ಕೇಂದ್ರವನ್ನು ಒತ್ತಾಯಪಡಿಸಬೇಕು. ಅದಾಗುವವರೆಗೆ ರಾಜ್ಯ ಸರಕಾರದವರು ಹತ್ತಿರದ ನಾಲ್ಕೈದು ಶಾಲೆಗಳಿಗೆ ಒಬ್ಬರಂತೆಯಾದರೂ ಪೂರ್ಣಕಾಲದ ಕಲೆ-ಕಸಬಿನ ಉಪಾಧ್ಯಾಯರನ್ನು ನೇಮಿಸಲು ಅಡ್ಡಿಯೇನೂ ಇಲ್ಲ. ಇವರ ಶಿಕ್ಷಣವು ಎರಡು ಬಾಗಿಲುಗಳಿಂದ ನಡೆಯಬೇಕು. ಈಗಾಗಲೇ ಉಪಾಧ್ಯಾಯರಾಗಿದ್ದು ಕೈಕೆಲಸದಲ್ಲಿ ಆಸಕ್ತಿಯುಳ್ಳವರನ್ನು ಒಂದು ಪೂರ್ಣ ವರ್ಷ ಸಂಬಳಸಹಿತ ಕಸಬುದಾರನ ಬಳಿಗೆ ಕಳುಹಿಸಬೇಕು, ಶಿಷ್ಯನಾಗಿ, ಅತಿಥಿಯಾಗಿಯಲ್ಲ. ಒಂದೇ ಕಸಬು ಸಾಕು, ಹತ್ತರ ರುಚಿ ಬೇಡ. ಇನ್ನೊಂದು ಕಡೆಯಿಂದ, ಶಾಲೆಯಲ್ಲಿ ಕಲಿಸಲು ಒಪ್ಪುವ ಕಸಬುದಾರರಿಗೆ ಮಕ್ಕಳ ವಯೋಧರ್ಮ, ಪಾಠದ ಕ್ರಮ, ಸುರಕ್ಷತೆ ಇವುಗಳಲ್ಲಿ ಆರು ತಿಂಗಳ ಶಿಕ್ಷಣವನ್ನು ವೇತನಸಹಿತವಾಗಿ ಕೊಟ್ಟು, ಪದವಿಯನ್ನು ಕೇಳದೆ, ಉಪಾಧ್ಯಾಯರ ಹಾಜರಿ ಪುಸ್ತಕದಲ್ಲಿಯೇ ಅವರ ಹೆಸರನ್ನು ಬರೆಯಬೇಕು. ೨೦೨೩ರ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸಬುಗಳವರಿಗೆ ಶಿಕ್ಷಣದ ಅವಧಿಯಲ್ಲಿ ದಿನಕ್ಕೆ ೫೦೦ ರೂಪಾಯಿ ಭತ್ಯವನ್ನೂ ಉಪಕರಣಗಳಿಗೆ ೧೫,೦೦೦ ರೂಪಾಯಿಗಳವರೆಗೆ ನೆರವನ್ನೂ ಇಟ್ಟಿರುವರು. ಆ ಯೋಜನೆಗೆ ಹೆಸರು ಕೊಟ್ಟವರ ಪಟ್ಟಿಯು ಸರಕಾರದ ಬಳಿಯಲ್ಲಿಯೇ ಇರುವಾಗ ಕುಶಲಿಗಳನ್ನು ಹುಡುಕುವ ಶ್ರಮವೂ ಇಲ್ಲ.

ಈ ಇಬ್ಬರೂ ಕೂಡುವ ಸ್ಥಳವು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾಗಬಹುದು, ಆದರೆ ಅಲ್ಲಿ ಇಂದು ಉಪನ್ಯಾಸಕ್ಕೆ ಸಭಾಂಗಣವಿದ್ದಷ್ಟು ಸುಲಭವಾಗಿ ಕೆಲಸಕ್ಕೆ ಬೆಂಚು ದೊರೆಯದು. ಉಪಕರಣದ ವಿಷಯವು ಸಣ್ಣದೆಂದು ಯಾರೂ ತಿಳಿಯಬಾರದು. ಮೊಂಡಾದ ಉಳಿಯು ಹರಿತವಾದ ಉಳಿಗಿಂತ ಹೆಚ್ಚು ಅಪಾಯಕರ. ಮರವನ್ನು ಕಚ್ಚದೆ ಜಾರಿ ಕೈಯನ್ನು ಕೊಯ್ಯುವುದು. ಸಾಣೆ ಹಿಡಿಯಲು ಬಾರದ ಉಪಾಧ್ಯಾಯನಿಗೆ ಹೊಸ ಉಳಿಗಳ ಪೆಟ್ಟಿಗೆಯನ್ನು ಕೊಟ್ಟರೆ ಆರು ತಿಂಗಳಲ್ಲಿ ಅವೆಲ್ಲ ಮೊಂಡಾಗಿ, ಒಬ್ಬ ಹುಡುಗನ ಬೆರಳು ಕೊಯ್ದು, ಪೆಟ್ಟಿಗೆಗೆ ಬೀಗ ಬೀಳುವುದು. ಬಹೂದ್ದೇಶ ಶಾಲೆಗಳ ಎಷ್ಟೋ ಯಂತ್ರಗಳ ಗತಿ ಏನಾಯಿತೆಂದು ವಯಸ್ಸಾದ ಮುಖ್ಯೋಪಾಧ್ಯಾಯರನ್ನು ಕೇಳಿದರೆ ತಿಳಿಸುವರು. ಆದುದರಿಂದ ಮೊದಲು ಉಪಾಧ್ಯಾಯ, ಬಳಿಕ ಪೆಟ್ಟಿಗೆ.

ನಾಡಿನ ಎಲ್ಲ ಜಿಲ್ಲೆಗಳಲ್ಲಿ ಒಂದೇ ದಿನ ಆರಂಭಿಸಿರೆಂದು ನಾವು ಹೇಳುವುದಿಲ್ಲ. ಅಂಥ ಅವಸರದ ಫಲವನ್ನು ಮೇಲೆ ಕಂಡೆವು. ಬೀದರ, ಧಾರವಾಡ, ಚನ್ನಪಟ್ಟಣ ಈ ಮೂರು ಕಡೆ ತಲಾ ಇಪ್ಪತ್ತು ಮಂದಿ ಉಪಾಧ್ಯಾಯರನ್ನು ಆರಿಸಿ, ಅಷ್ಟೇ ಮಂದಿ ಕಸಬುದಾರರನ್ನು ಅವರ ಜೊತೆಗಿರಿಸಿ, ಮೂರು ವರ್ಷ ನಡೆಸಿ ನೋಡಲಿ. ಅರವತ್ತು ಉಪಾಧ್ಯಾಯರ ಬದಲಿಗೆ ತಾತ್ಕಾಲಿಕವಾಗಿ ಬೇರೆಯವರನ್ನಿಡುವ ಖರ್ಚು, ಅರವತ್ತು ಕಸಬುದಾರರ ವೇತನ, ಮೂರು ಕಾರ್ಯಾಗಾರಗಳ ಬೆಂಚು, ಉಳಿ, ಸೂಜಿ, ಅರಗು, ಇವೆಲ್ಲ ಕೂಡಿದರೂ ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಕಣ್ಣಿಗೆ ಬೀಳುವ ಮೊತ್ತವಾಗಲಾರದು. ವಿದ್ಯಾಮಂತ್ರಿಗಳು ಬರುವ ಆಯವ್ಯಯದಲ್ಲಿ ಇದಕ್ಕೊಂದು ಬಾಬನ್ನು ತೆರೆಯುವರೆಂದೂ, ಅದರ ಮುಂದೆ ‘ಅರೆಕಾಲಿಕ’ ಎಂಬ ಷರಾ ಬೀಳದಂತೆ ಆರ್ಥಿಕ ಇಲಾಖೆಯವರನ್ನು ಒಪ್ಪಿಸುವರೆಂದೂ ನಿರೀಕ್ಷಿಸುತ್ತೇವೆ.